ಮೂಲೆ ಮಡಿಸಿದ ಪುಟ

ಶಿಕ್ಷಕರ ಕೊಠಡಿಯಲ್ಲಿ ನನ್ನ ಪಾಲಿಗೊಂದು ಕಬ್ಬಿಣದ ಬೀರು ಇದೆ. ಮೇಲಿನ ಎರಡು ಖಾನೆಗಳಲ್ಲಿ ಪಾಠದ ಟಿಪ್ಪಣಿ, ಅಂಕಪಟ್ಟಿ, ಉತ್ತರ ಪತ್ರಿಕೆಗಳ ಕಟ್ಟು. ಕೆಳಗಿನ ಖಾನೆ ಮಾತ್ರ ಪೊಲೀಸ್ ಠಾಣೆ ಇದ್ದ ಹಾಗೆ. ಮೂವತ್ತು ವರ್ಷಗಳಿಂದ ಮಕ್ಕಳ ಕೈಯಿಂದ ಕಿತ್ತುಕೊಂಡ ಮಾಲೆಲ್ಲ ಅಲ್ಲಿ ಜಮೆಯಾಗಿದೆ. ಗೋಲಿ, ಬುಗುರಿ, ಕುಸ್ತಿಪಟುಗಳ ಚಿತ್ರದ ಇಸ್ಪೀಟು, ಅಂಗೈಯಗಲದ ಕನ್ನಡಿ, ಲಿಪ್‌ಸ್ಟಿಕ್ಕು, ಪೀಪಿ, ರಬ್ಬರಿನ ಹಲ್ಲಿ, ಬ್ಯಾಟರಿ ಸತ್ತ ಎರಡು ಮೊಬೈಲು. ವರ್ಷದ ಕೊನೆಗೆ ಬಂದು ತೆಗೆದುಕೊಂಡು ಹೋಗಿ ಎಂದು ನಾನು ಹೇಳುವುದುಂಟು. ಆದರೆ ಕೇಳಲು ಬರುವವರು ಕಡಿಮೆ. ಬೇಸಿಗೆ ರಜೆ ಕಳೆದು ಬರುವಷ್ಟರಲ್ಲಿ ಗೋಲಿಯ ವಯಸ್ಸು ಮುಗಿದಿರುತ್ತದೆ.

ಆ ಖಾನೆಯಲ್ಲಿ ಪುಸ್ತಕಗಳೂ ಇವೆ. ಅವುಗಳಲ್ಲಿ ಒಂದರ ಕಥೆಯನ್ನು ಹೇಳಬೇಕಾಗಿದೆ. ಹೇಳದೆ ನಿವೃತ್ತಳಾದರೆ ಬೀರು ಖಾಲಿ ಮಾಡುವ ದಿನ ನನ್ನ ಕೈ ನಡುಗೀತು ಎಂಬ ಭಯ.

ಅದು 2006ರ ಜನವರಿ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಎರಡು ತಿಂಗಳಿತ್ತು. ಮಧ್ಯಾಹ್ನದ ಊಟವಾದ ಮೇಲಿನ ಪೀರಿಯಡ್ಡು, ನಾನು ಸಮಾಜ ವಿಜ್ಞಾನ ಪುನರಾವರ್ತನೆ ಮಾಡಿಸುತ್ತಿದ್ದೆ. ಮೂರನೆಯ ಬೆಂಚಿನ ಹುಡುಗಿಯೊಬ್ಬಳು ಎಂದಿಗಿಂತ ಶ್ರದ್ಧೆಯಿಂದ ತಲೆ ಬಗ್ಗಿಸಿ ಕೂತಿದ್ದಳು. ಮಕ್ಕಳು ಅತಿ ಶ್ರದ್ಧೆಯಿಂದ ಕೂತರೆ ಅನುಮಾನ ಪಡಬೇಕು ಎನ್ನುವುದು ನಮ್ಮ ವೃತ್ತಿಯ ಮೊದಲ ಪಾಠ. ಮೆಲ್ಲಗೆ ಹೋಗಿ ನೋಡಿದರೆ ಭೂಪಟದ ಪುಸ್ತಕದೊಳಗೆ ಇನ್ನೊಂದು ಪುಸ್ತಕ. ಇಂಗ್ಲಿಷ್ ಕಾದಂಬರಿ. ರಕ್ಷಾಪುಟದಲ್ಲಿ ಒಬ್ಬ ಹುಡುಗ, ಒಬ್ಬಳು ಹುಡುಗಿ. ಹೆಸರು 'ಎ ವಾಕ್ ಟು ರಿಮೆಂಬರ್'. ಬೆಂಗಳೂರಿನಲ್ಲಿ ಓದುತ್ತಿದ್ದ ಚಿಕ್ಕಪ್ಪನ ಮಗಳು ಕೊಟ್ಟದ್ದಂತೆ. ನಾನು ಕಿತ್ತುಕೊಂಡೆ. ಒಳಪುಟದಲ್ಲಿ ಕೆಂಪು ಶಾಯಿಯಲ್ಲಿ ತಾರೀಖು, ಅವಳ ಹೆಸರು, '10ನೇ ಬಿ' ಎಂದು ಬರೆದು ಬೀರುವಿಗೆ ಹಾಕಿದೆ. ಅವಳು ಅಳಲಿಲ್ಲ. "ಮೇಡಂ, ಅರ್ಧ ಆಗಿದೆ ಅಷ್ಟೆ" ಎಂದಳು. ಪರೀಕ್ಷೆಯಲ್ಲಿ ಇದನ್ನು ಕೇಳುತ್ತಾರೇನು ಎಂದು ನಾನೊಂದು ಚಟಾಕಿ ಹಾರಿಸಿದೆ. ತರಗತಿಯೆಲ್ಲ ನಕ್ಕಿತು.

ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಪ್ರಬಂಧಕ್ಕೆ ಕಾರಣವಿರುತ್ತಿರಲಿಲ್ಲ. ಆ ವಾರದ ಸಂತೆಯಲ್ಲಿ ಅವಳ ತಾಯಿ ಸಿಕ್ಕರು. ಬದನೆಕಾಯಿ ಆರಿಸುತ್ತಿದ್ದವರು ನನ್ನನ್ನು ನೋಡಿ ಎದ್ದು ನಿಂತು, "ಹೆಂಗೆ ಓದ್ತಾಳೆ ಮೇಡಂ ನಮ್ಮುಡುಗಿ?" ಎಂದು ಕೇಳಿದರು. ಚೆನ್ನಾಗಿ ಓದುತ್ತಾಳೆ ಎನ್ನಬಹುದಿತ್ತು, ಅದು ಸತ್ಯವೂ ಆಗಿತ್ತು. ಆದರೆ ನಾನು, "ಓದ್ತಾಳೆ, ಆದರೆ ಒಂದು ಕಣ್ಣಿಟ್ಟಿರಿ. ಲವ್ವು ಗಿವ್ವು ಅಂತ ಕಾದಂಬರಿ ಹಿಡ್ಕೊಂಡಿದ್ದಾಳೆ. ವಯಸ್ಸು ಅಂಥದು ನೋಡಿ" ಎಂದೆ. ಹೇಳಿ ನಾನೂ ಅರ್ಧ ಕಿಲೋ ಬದನೆಕಾಯಿ ತೂಗಿಸಿಕೊಂಡು ಮನೆಗೆ ಹೋದೆ.

ಹುಡುಗಿ ಪ್ರಥಮ ದರ್ಜೆಯಲ್ಲಿ ಪಾಸಾದಳು. ಆದರೆ ಪಿಯುಸಿಗೆ ಸೇರಲಿಲ್ಲ. ಕಾಲೇಜಿಗೆ ಬಸ್ಸಿನಲ್ಲಿ ಹೋಗಬೇಕು, ಹುಡುಗರೂ ಹುಡುಗಿಯರೂ ಒಟ್ಟಿಗೆ ಓದುವ ಕಾಲೇಜು, ತಂದೆ ಬೇಡವೆಂದರಂತೆ. ಹದಿನೆಂಟು ತುಂಬಿದ ವರ್ಷವೇ ಮದುವೆ. ಇವೆಲ್ಲ ಒಂದೊಂದಾಗಿ ನನ್ನ ಕಿವಿಗೆ ಬಿದ್ದವು. ಸಂತೆಯ ಮಾತಿಗೂ ಇದಕ್ಕೂ ಸಂಬಂಧವಿದೆಯೆಂದು ಯಾರೂ ಹೇಳಲಿಲ್ಲ. ಇಲ್ಲವೆಂದೂ ಹೇಳಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಮಕ್ಕಳಿಗೆ ಗಾದೆ ವಿಸ್ತರಿಸಲು ಕೊಡುತ್ತೇವಲ್ಲ, ಹತ್ತಕ್ಕೆ ಎಂಟು ಅಂಕ ಕೊಟ್ಟು ಮರೆಯುತ್ತೇವೆ.

2023ರ ಜೂನ್ ತಿಂಗಳಲ್ಲಿ ಅವಳು ಶಾಲೆಗೆ ಬಂದಳು. ಮಗಳನ್ನು ಎಂಟನೇ ತರಗತಿಗೆ ಸೇರಿಸಲು. ತಾಯಿಯ ಮುಖವನ್ನೇ ಕತ್ತರಿಸಿ ಅಂಟಿಸಿದಂಥ ಮಗಳು. ಅರ್ಜಿ ತುಂಬಿಸಿ, ಜನ್ಮ ದಿನಾಂಕ ನೋಡಿ, ಗಂಡನದು ಹಾರ್ಡ್‌ವೇರ್ ಅಂಗಡಿ, ಚೆನ್ನಾಗಿ ನಡೆಯುತ್ತದೆ ಎಂಬುದನ್ನೆಲ್ಲ ಕೇಳಿ ಮುಗಿಸಿದ ಮೇಲೆ ಅವಳು ಎದ್ದು ನಿಂತಳು. ಬಾಗಿಲವರೆಗೆ ಹೋದವಳು ತಿರುಗಿ, ನಗುತ್ತಲೇ ಕೇಳಿದಳು: "ಮೇಡಂ, ಆವತ್ತು ನನ್ನ ಹತ್ರ ಒಂದು ಪುಸ್ತಕ ತಗೊಂಡಿದ್ರಿ. ಅದರ ಕೊನೇಲಿ ಏನಾಯ್ತು?"

ನನಗೆ ಉತ್ತರ ಗೊತ್ತಿರಲಿಲ್ಲ. ಹದಿನೇಳು ವರ್ಷ ನನ್ನ ಬೀರುವಿನಲ್ಲಿದ್ದ ಪುಸ್ತಕವನ್ನು ನಾನು ತೆರೆದೇ ಇರಲಿಲ್ಲ. ಓದದೆಯೇ ಅದು ಕೆಟ್ಟದ್ದೆಂದು ತೀರ್ಮಾನಿಸಿ, ಸಂತೆಯಲ್ಲಿ ತೀರ್ಪನ್ನೂ ಕೊಟ್ಟಿದ್ದೆ. "ಓದಿ ಹೇಳ್ತೀನಮ್ಮ" ಎಂದೆ. ಹೋಮ್‌ವರ್ಕ್ ಮಾಡದ ಹುಡುಗಿ ಹೇಳುವ ದನಿಯಲ್ಲೇ ಹೇಳಿದೆನೆಂದು ಕಾಣುತ್ತದೆ.

ಕಾದಂಬರಿಯೆಂದರೆ ನಾನು ಮೂಗು ಮುರಿಯುವವಳಲ್ಲ. ನಮ್ಮ ಕಾಲದಲ್ಲಿ ಊರಿನ ಬಸ್ ನಿಲ್ದಾಣದ ಹತ್ತಿರ ಒಂದು ಬಾಡಿಗೆ ಪುಸ್ತಕದ ಅಂಗಡಿಯಿತ್ತು. ದಿನಕ್ಕೆ ಇಪ್ಪತ್ತೈದು ಪೈಸೆ. ಸಾಯಿಸುತೆ, ಎಚ್.ಜಿ. ರಾಧಾದೇವಿ, ಉಷಾ ನವರತ್ನರಾಂ, ಅವರಿಗಿಂತ ಹಿಂದಿನ ತ್ರಿವೇಣಿ, ಎಂ.ಕೆ. ಇಂದಿರಾ ಇವರೆಲ್ಲ ಅಲ್ಲಿ ಎಣ್ಣೆ ಕೈಯ ಗುರುತು ಹೊತ್ತು ಸಾಲಾಗಿ ನಿಂತಿರುತ್ತಿದ್ದರು. ಅಮ್ಮನ ಕಣ್ಣು ತಪ್ಪಿಸಲು ಅರ್ಥಶಾಸ್ತ್ರದ ಪಠ್ಯದೊಳಗೆ ಇಟ್ಟು ಓದುತ್ತಿದ್ದೆ. ಭೂಪಟದೊಳಗೆ ಇಟ್ಟವಳನ್ನು ಅಷ್ಟು ಸುಲಭವಾಗಿ ಹಿಡಿದದ್ದು ಆ ಅನುಭವದಿಂದಲೇ. ಕಳ್ಳನೇ ಕಾವಲುಗಾರನಾದರೆ ಹೀಗೆ.

ಶನಿವಾರ ಮಧ್ಯಾಹ್ನ ಓದಲು ಕೂತೆ, ರಾತ್ರಿ ಊಟದ ಹೊತ್ತಿಗೆ ಮುಗಿಯಿತು. ಬರೆದವರು ನಿಕೋಲಸ್ ಸ್ಪಾರ್ಕ್ಸ್, ಪ್ರಕಟವಾದದ್ದು 1999. ಕಥೆ ನಡೆಯುವುದು ಅಮೆರಿಕದ ನಾರ್ತ್ ಕ್ಯಾರೊಲಿನಾದ ಬೋಫರ್ಟ್ ಎಂಬ ಕಡಲ ದಂಡೆಯ ಸಣ್ಣ ಊರಿನಲ್ಲಿ, 1958ರಿಂದ 59ರವರೆಗೆ. ಲ್ಯಾಂಡನ್ ಕಾರ್ಟರ್ ಹದಿನೇಳರ ಹುಡುಗ, ತಂದೆ ಸಂಸತ್ ಸದಸ್ಯ, ಹಣವಂತರ ಮನೆ, ಓದಿನಲ್ಲಿ ಉದಾಸೀನ, ಗೆಳೆಯರ ಜೊತೆ ತಿರುಗಾಟ. ಜೇಮೀ ಸಲಿವನ್ ಪಾದ್ರಿಯ ಮಗಳು. ತಾಯಿಯಿಲ್ಲದವಳು. ಯಾವಾಗಲೂ ಅದೇ ಕಂದು ಸ್ವೆಟರು, ಎತ್ತಿ ಕಟ್ಟಿದ ತುರುಬು, ಕೈಯಲ್ಲಿ ಬೈಬಲ್, ಬಿಡುವಾದಾಗ ಅನಾಥಾಲಯದ ಮಕ್ಕಳ ಸೇವೆ. ಶಾಲೆಯ ಕೊನೆಯ ವರ್ಷ. ನೃತ್ಯಕೂಟಕ್ಕೆ ಜೊತೆಗೆ ಬರಲು ಬೇರೆ ಯಾವ ಹುಡುಗಿಯೂ ಸಿಗದೆ ಅವನು ಇವಳನ್ನು ಕರೆಯುತ್ತಾನೆ. ಆಮೇಲೆ ಕ್ರಿಸ್ಮಸ್ ನಾಟಕದಲ್ಲಿ ಪಾತ್ರ ಮಾಡೆಂದು ಅವಳು ಅವನನ್ನು ಕೇಳುತ್ತಾಳೆ. ನೃತ್ಯಕೂಟಕ್ಕೆ ಬರಲು ಒಪ್ಪುವಾಗಲೇ, ತನ್ನನ್ನು ಪ್ರೀತಿಸುವುದಿಲ್ಲವೆಂದು ಮಾತು ಕೊಡಬೇಕೆಂಬ ಷರತ್ತನ್ನೂ ಹಾಕಿರುತ್ತಾಳೆ. ಅವನು ನಕ್ಕುಬಿಡುತ್ತಾನೆ. ಇಂಥ ಷರತ್ತು ಮುರಿಯಲೆಂದೇ ಹುಟ್ಟಿದ್ದು ಎಂದು ಓದುವವರಿಗೆ ಗೊತ್ತು, ಅವನಿಗೆ ಗೊತ್ತಿಲ್ಲ.

ನಾನು ಹೆದರಿಕೊಂಡು ಕಾದಿದ್ದ ಅಂಥ ಪುಟವೇನೂ ಬರಲಿಲ್ಲ. ತಂದೆಗೆ ತಿಳಿಯದಂತೆ ಹುಡುಗಿ ಓಡಿಹೋಗುವುದಿಲ್ಲ. ಅವಳಿಗೆ ರಕ್ತದ ಕ್ಯಾನ್ಸರ್ ಇರುವುದು ತಿಳಿದ ಮೇಲೆ ಅವನು ಅವಳ ಮನೆಯಲ್ಲಿ ಕೂತು ಬೈಬಲ್ ಓದುತ್ತಾನೆ. ತನ್ನ ತಾಯಿತಂದೆಯರ ಮದುವೆಯಾದ ಚರ್ಚಿನಲ್ಲೇ, ಊರವರೆಲ್ಲ ತುಂಬಿರುವಾಗ ಮದುವೆಯಾಗಬೇಕು ಎನ್ನುವುದು ಅವಳ ಆಸೆ. ಅದೇ ಆಗುತ್ತದೆ. ತಂದೆಯೇ ಕೈಹಿಡಿದು ಕರೆತರುತ್ತಾನೆ. ಈ ಪುಸ್ತಕದಿಂದ ಒಬ್ಬಳು ಹುಡುಗಿ ಕೆಟ್ಟಾಳೆಂದು ಹೇಳುವವರಿದ್ದರೆ ಅವರು ಪುಸ್ತಕ ಓದಿರಲಾರರು. ನನ್ನ ಹಾಗೆ.

ಕಥೆ ಹೇಳುತ್ತಿರುವ ಲ್ಯಾಂಡನ್‌ಗೆ ಈಗ ಐವತ್ತೇಳು. ನಲವತ್ತು ವರ್ಷದ ಹಿಂದಿನದನ್ನು ನೆನೆಯುತ್ತಿದ್ದಾನೆ. ಹೆಚ್ಚುಕಡಿಮೆ ನನ್ನದೇ ವಯಸ್ಸು. ಹರೆಯದ ಪುಸ್ತಕವೆಂದು ನಾನು ಬಂಧನದಲ್ಲಿಟ್ಟದ್ದರೊಳಗೆ ಕೂತು ಮಾತಾಡುತ್ತಿದ್ದವನು ನನ್ನ ಓರಗೆಯವನು!

ಒಂದು ಓದಿದ ಮೇಲೆ ಇಂಥವು ಇನ್ನೂ ಹೇಗಿವೆ ಎಂಬ ಕುತೂಹಲ ಹಿಡಿಯಿತು. ಅಮೆರಿಕದ ಟೆಕ್ಸಾಸಿನಲ್ಲಿ ಬೆಳೆದ ನನ್ನ ತಂಗಿಯ ಮಗಳೊಬ್ಬಳಿದ್ದಾಳೆ, ಅಲ್ಲಿಯೇ ಶಾಲೆ ಮುಗಿಸಿದವಳು. ಅವಳಿಗೆ ಫೋನು ಮಾಡಿ, "ಪರಸ್ಪರ ತದ್ವಿರುದ್ಧದ ಹುಡುಗ ಹುಡುಗಿ, ಶಾಲೆಯ ಕೊನೆಯ ವರ್ಷ, ಇಂಥ ಕಾದಂಬರಿ ಯಾವುದಿದೆ?" ಎಂದೆ. ಅವಳು ಬಿದ್ದು ಬಿದ್ದು ನಕ್ಕಳು. "ದೊಡ್ಡಮ್ಮ, ಯಾವುದು ಇಲ್ಲ ಅಂತ ಕೇಳು" ಎಂದಳು. ರಜೆಗೆ ಬಂದಾಗ ಪೆಟ್ಟಿಗೆಯಲ್ಲಿ ಚಾಕೊಲೇಟಿನ ಜೊತೆ ನಾಲ್ಕು ಪುಸ್ತಕ ತಂದಳು.

ಆ ದೇಶದ ಹೈಸ್ಕೂಲೆಂದರೆ ಸಾಮಾನ್ಯವಾಗಿ ಒಂಬತ್ತರಿಂದ ಹನ್ನೆರಡರವರೆಗೆ. ಸಣ್ಣ ಊರಾದರೆ ಎಲ್ಲರಿಗೂ ಅದೊಂದೇ ಶಾಲೆ. ಬ್ಯಾಂಕಿನವನ ಮಗನೂ ಬೇಕರಿಯವನ ಮಗನೂ ಹದಿನೆಂಟು ತುಂಬುವವರೆಗೆ ಒಂದೇ ಕಾರಿಡಾರಿನಲ್ಲಿ ನಡೆಯುತ್ತಾರೆ. ಆಮೇಲೆ ಒಬ್ಬ ದೂರದ ಕಾಲೇಜಿಗೆ, ಒಬ್ಬ ಗ್ಯಾರೇಜಿಗೆ, ಒಬ್ಬ ಸೈನ್ಯಕ್ಕೆ. ಶರತ್ಕಾಲದ ನೃತ್ಯಕೂಟ, ಚಳಿಗಾಲದ ನಾಟಕ, ವಸಂತದಲ್ಲಿ ಕಾಲೇಜಿನಿಂದ ಬರುವ ಪತ್ರ, ಕೊನೆಗೆ ಕರೀ ನಿಲುವಂಗಿ ತೊಟ್ಟು ಪದವಿಪತ್ರ ಪಡೆಯುವ ದಿನ. ಕಾದಂಬರಿ ಬರೆಯುವವರಿಗೆ ಪಂಚಾಂಗ ಸಿದ್ಧವಾಗಿಯೇ ಇದೆ. ಅಗಲುವ ಮುಹೂರ್ತ ಮೊದಲೇ ಗೊತ್ತಾಗಿರುವುದರಿಂದ ಸೇರುವ ಗಳಿಗೆಗೆ ಬೆಲೆ ಬರುತ್ತದೆ. ಮಾರ್ಚ್ ತಿಂಗಳಲ್ಲಿ ನಮ್ಮ ಹತ್ತನೇ ತರಗತಿಯವರು ಆಟೋಗ್ರಾಫ್ ಪುಸ್ತಕ ಹಿಡಿದು ಓಡಾಡುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ವರ್ಷವೆಲ್ಲ ಜಗಳವಾಡಿದವರೇ ಬೀಳ್ಕೊಡುಗೆಯ ದಿನ ಹೆಚ್ಚು ಅಳುವವರು.

ತಂಗಿಯ ಮಗಳು ತಂದ ನಾಲ್ಕರಲ್ಲಿ ಒಂದು ಸಿಮೋನ್ ಎಲ್ಕೆಲೆಸ್ ಅವರ 'ಪರ್ಫೆಕ್ಟ್ ಕೆಮಿಸ್ಟ್ರಿ', 2008ರದು. ಷಿಕಾಗೋ ಹತ್ತಿರದ ಊರು. ಉತ್ತರ ದಿಕ್ಕಿನಲ್ಲಿ ಸಿರಿವಂತರು, ದಕ್ಷಿಣದಲ್ಲಿ ಬಡವರು. ಬ್ರಿಟನಿ ಶ್ರೀಮಂತರ ಮಗಳು, ಅಲೆಕ್ಸ್ ಮೆಕ್ಸಿಕನ್ ಮೂಲದ ಹುಡುಗ, ಪುಂಡರ ಗುಂಪಿಗೆ ಸೇರಿದವನು. ಕೆಮಿಸ್ಟ್ರಿ ಟೀಚರು ಇವರಿಬ್ಬರನ್ನು ಪ್ರಯೋಗಕ್ಕೆ ಜೋಡಿ ಮಾಡಿ ಕೂರಿಸುತ್ತಾರೆ. ನಮ್ಮ ಶಾಲೆಯಲ್ಲಿ ಹುಡುಗ ಹುಡುಗಿಯರನ್ನು ಬೇರೆ ಬೇರೆ ಸಾಲಿನಲ್ಲಿ ಕೂರಿಸುವುದೇ ನಮ್ಮ ಕೆಲಸ. ಅಲ್ಲಿ ಜೋಡಿಸಿದ ಟೀಚರನ್ನು ನಾನು ಅಸೂಯೆಯಿಂದಲೇ ನೋಡಿದೆ. ಬ್ರಿಟನಿಯ ಪರಿಪೂರ್ಣ ಮುಖದ ಹಿಂದೆ ಗಾಲಿಕುರ್ಚಿಯಲ್ಲಿರುವ ಅಕ್ಕ ಇದ್ದಾಳೆ, ಮನೆಯ ಕಷ್ಟವಿದೆ. ಅಲೆಕ್ಸ್‌ನ ಒರಟುತನದ ಹಿಂದೆ ತಮ್ಮಂದಿರನ್ನು ಕಾಯುವ ಅಣ್ಣನಿದ್ದಾನೆ. ಆದರೆ ಈ ಪುಸ್ತಕವನ್ನು ಹತ್ತನೇ ತರಗತಿಯ ಮಕ್ಕಳ ಕೈಗೆ ನಾನಾಗಿ ಕೊಡಲಾರೆ. ಬೈಗುಳ, ಹೊಡೆದಾಟ, ಸಲಿಗೆ ಎಲ್ಲವೂ ಬೇಕಾದ್ದಕ್ಕಿಂತ ಹೆಚ್ಚು. ಇದನ್ನೂ ಹೇಳಬೇಕು, ಯಾಕೆಂದರೆ ಓದದೆ ಬೈಯುವುದು ಹೇಗೆ ತಪ್ಪೋ ಓದಿ ಎಲ್ಲವನ್ನೂ ಹೊಗಳುವುದೂ ಹಾಗೆಯೇ.

ಉತ್ತರ ಧ್ರುವ, ದಕ್ಷಿಣ ಧ್ರುವ ಆಕರ್ಷಿಸುತ್ತವೆ ಎನ್ನುವ ಮಾತನ್ನು ನಮ್ಮ ವಿಜ್ಞಾನದ ಮೇಷ್ಟ್ರ ಮುಂದೆ ತೆಗೆದೆ. "ಮೇಡಂ, ಅದು ಅಯಸ್ಕಾಂತಕ್ಕೆ. ನಮ್ಮನೇಲಿ ನಾನು ಫ್ಯಾನ್ ಹಾಕ್ತೀನಿ, ಅವಳು ಆರಿಸ್ತಾಳೆ. ಇದರಲ್ಲಿ ಆಕರ್ಷಣೆ ಎಲ್ಲಿ ಬಂತು?" ಎಂದರು. ಮನಶ್ಶಾಸ್ತ್ರದವರು ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ಓದು, ನಂಬಿಕೆ, ಮನೆತನದಲ್ಲಿ ತಮ್ಮ ಹಾಗೇ ಇರುವವರನ್ನೇ ಜನ ಹೆಚ್ಚಾಗಿ ಆರಿಸಿಕೊಳ್ಳುತ್ತಾರಂತೆ. ನಮ್ಮಲ್ಲಂತೂ ಆರಿಸುವ ಕೆಲಸವನ್ನು ಹಿರಿಯರೇ ವಹಿಸಿಕೊಂಡು ಜಾತಿ, ಉಪಜಾತಿ, ಭಾಷೆ, ಅಂತಸ್ತು, ಜಾತಕ ಎಲ್ಲವೂ ಒಂದೇ ಅಳತೆಗೆ ಬರುವ ಹಾಗೆ ನೋಡಿಕೊಂಡಿದ್ದಾರೆ. ಬೇರೆಯಾಗಿರಲೇಬೇಕು ಎಂದು ಹಟ ಹಿಡಿಯುವುದು ಗೋತ್ರ ಒಂದಕ್ಕೆ ಮಾತ್ರ.

"ನಿಮ್ಮ ಶಾಲೆಯಲ್ಲಿ ಹೀಗೆಲ್ಲ ಆಗ್ತಿತ್ತೇನೇ?" ಎಂದು ತಂಗಿಯ ಮಗಳನ್ನು ಕೇಳಿದೆ. "ಇಲ್ಲ ದೊಡ್ಡಮ್ಮ. ಊಟದ ಹಾಲ್‌ನಲ್ಲಿ ಆಟದವರದ್ದು ಒಂದು ಮೇಜು, ಓದೋರದ್ದು ಒಂದು ಮೇಜು, ನಮ್ಮಂಥ ಇಂಡಿಯನ್ಸ್‌ದು ಒಂದು ಮೇಜು. ನಾಲ್ಕು ವರ್ಷ ಯಾರೂ ಮೇಜು ಬದಲಾಯಿಸಲಿಲ್ಲ. ಅದಕ್ಕೇ ಓದ್ತಿದ್ವಿ" ಎಂದಳು. ಆ ಕೊನೆಯ ಮಾತು ನನ್ನ ತಲೆಯಲ್ಲಿ ಉಳಿಯಿತು. ನಡೆಯುತ್ತದೆಂದು ಅಲ್ಲ, ನಡೆಯುವುದಿಲ್ಲವೆಂದು ಓದುವುದು. ಬೇರೆ ಮೇಜಿನಲ್ಲಿ ಕೂತವನ ಮನೆಯಲ್ಲಿ ಏನಿದೆ ಎಂದು ತಿಳಿಯಲು ಓದುವುದು.

ಇವೆಲ್ಲಕ್ಕೂ ಅಜ್ಜಿಯಂಥ ಕಾದಂಬರಿಯೊಂದಿದೆ. ಮೌರೀನ್ ಡೇಲಿಯವರ 'ಸೆವೆಂಟೀಂತ್ ಸಮ್ಮರ್', 1942ರದು. ವಿಸ್ಕಾನ್ಸಿನ್ ರಾಜ್ಯದ ಸರೋವರದ ದಂಡೆಯ ಊರು. ಹೈಸ್ಕೂಲು ಮುಗಿಸಿ ಕಾಲೇಜಿಗೆ ಹೊರಡುವ ನಡುವಿನ ಒಂದು ಬೇಸಿಗೆ, ಅಷ್ಟೇ ಕಥೆ. ಆ್ಯಂಜಿ ಹಿಡಿದಂತೆ ಬೆಳೆದ ಮನೆಯ ಹುಡುಗಿ. ಜ್ಯಾಕ್ ಬಾಸ್ಕೆಟ್‌ಬಾಲ್ ಆಟಗಾರ, ಬೇಕರಿಯವರ ಮಗ. ಒಂದು ದಿನ ಅವನನ್ನು ಊಟಕ್ಕೆ ಕರೆಯುತ್ತಾಳೆ. ಅವನು ಐಸ್‌ಕ್ರೀಮ್ ತಿನ್ನುವಾಗ ಚಮಚ ಹಲ್ಲಿಗೆ ತಾಗಿ ಟಕ್ ಟಕ್ ಎನ್ನುತ್ತದೆ. ಮನೆಯವರೆಲ್ಲರ ಎದುರು ಅವಳಿಗೆ ನಾಚಿಕೆಯಾಗುತ್ತದೆ. ತದ್ವಿರುದ್ಧ ಎನ್ನುವುದನ್ನು ಇಷ್ಟು ಸಣ್ಣ ಸದ್ದಿನಲ್ಲಿ ಹಿಡಿದವರನ್ನು ನಾನು ಬೇರೆ ಕಂಡಿಲ್ಲ. ನಮ್ಮಲ್ಲಾದರೆ ಅದು ಸಾರನ್ನು ಸೊರ್ ಎಂದು ಸುರಿಯುವ ಸದ್ದು. ಎಷ್ಟು ಹೊಸ ಸೊಸೆಯರು, ಎಷ್ಟು ಹೊಸ ಅಳಿಯಂದಿರು ಆ ಸದ್ದಿನಿಂದ ತೂಕ ಹಾಕಿಸಿಕೊಂಡಿಲ್ಲ! ಕೊನೆಯಲ್ಲಿ ಯಾರೂ ಸಾಯುವುದಿಲ್ಲ, ಯಾರಿಗೂ ಮದುವೆಯಾಗುವುದಿಲ್ಲ. ಜ್ಯಾಕ್ ಓಕ್ಲಹೋಮಾಕ್ಕೆ ಹೊರಡುತ್ತಾನೆ, ಆ್ಯಂಜಿ ಷಿಕಾಗೋದ ಕಾಲೇಜಿಗೆ ರೈಲು ಹತ್ತುತ್ತಾಳೆ.

ಇನ್ನೊಂದು ಪುಸ್ತಕ ಹೊಸದು, ನಿಕೋಲಾ ಯೂನ್ ಅವರ 'ದ ಸನ್ ಈಸ್ ಆಲ್ಸೊ ಎ ಸ್ಟಾರ್', 2016ರದು. ನ್ಯೂಯಾರ್ಕ್ ನಗರ, ಒಂದೇ ದಿನದ ಕಥೆ. ನಟಾಶಾ ಜಮೈಕಾದಿಂದ ಬಂದ ಕುಟುಂಬದವಳು. ಕಾಗದಪತ್ರವಿಲ್ಲದ್ದರಿಂದ ಅಂದು ರಾತ್ರಿಯೇ ದೇಶ ಬಿಡಬೇಕು. ಡೇನಿಯಲ್ ಕೊರಿಯನ್ ತಾಯಿತಂದೆಯರ ಮಗ, ಅಂದೇ ಯೇಲ್ ವಿಶ್ವವಿದ್ಯಾಲಯದ ಸಂದರ್ಶನ. ಇಲ್ಲಿ ಕವಿತೆ ಬರೆಯುವವನು ಹುಡುಗ, ವಿಜ್ಞಾನವನ್ನು ಬಿಟ್ಟು ಬೇರೇನನ್ನೂ ನಂಬದವಳು ಹುಡುಗಿ. ನಮ್ಮ ಶಾಲೆಯಲ್ಲಿ ಗಣಿತದಲ್ಲಿ ನೂರಕ್ಕೆ ನೂರು ತೆಗೆದ ಹುಡುಗಿಯರನ್ನು ನೆನೆದು ಸಂತೋಷವಾಯಿತು.

ಇಷ್ಟು ಓದಿದ ಮೇಲೆ ನನಗೊಂದು ಹಳೆಯ ಪುಸ್ತಕ ಮತ್ತೆ ಬೇಕಾಯಿತು. ಎರಿಕ್ ಸೀಗಲ್ ಅವರ 'ಲವ್ ಸ್ಟೋರಿ', 1970ರದು. ಬಿ.ಎ. ಕೊನೆಯ ವರ್ಷ, ಹಾಸ್ಟೆಲಿನಲ್ಲಿ ಒಂದೇ ಪ್ರತಿ ಹನ್ನೊಂದು ಕೋಣೆ ಸುತ್ತಿತ್ತು. ನನ್ನ ಕೈಗೆ ಬಂದಾಗ ಕೊನೆಯ ಪುಟಗಳು ಹಿಂದಿನವರ ಕಣ್ಣೀರಿನಿಂದ ಉಬ್ಬಿದ್ದವು. ಆಲಿವರ್ ಹಾರ್ವರ್ಡಿನ ಸಿರಿವಂತ, ಹಾಕಿ ಆಟಗಾರ. ಜೆನ್ನಿ ರ್‍ಯಾಡ್‌ಕ್ಲಿಫ್ ಕಾಲೇಜಿನಲ್ಲಿ ಸಂಗೀತ ಕಲಿಯುವವಳು, ಅವಳ ತಂದೆಯೂ ಬೇಕರಿಯವನೇ. ಪ್ರೇಮಕಥೆಗೂ ಬೇಕರಿಗೂ ಏನು ನಂಟೋ ಕಾಣೆ! ಅವಳು ಇಪ್ಪತ್ತೈದಕ್ಕೆ ರಕ್ತದ ಕ್ಯಾನ್ಸರಿನಿಂದ ಸಾಯುತ್ತಾಳೆ. ನಾವೆಲ್ಲ ಅತ್ತದ್ದು ಅದಕ್ಕೆ.

ಈಗ ಓದಿದಾಗ ಅಳು ಬಂದದ್ದು ಬೇರೆ ಕಡೆ. ಜೆನ್ನಿಗೆ ಪ್ಯಾರಿಸ್ಸಿಗೆ ಹೋಗಿ ನಾದಿಯಾ ಬೂಲಾಂಜೆ ಎಂಬ ದೊಡ್ಡ ಸಂಗೀತ ಗುರುವಿನ ಹತ್ತಿರ ಕಲಿಯುವ ಅವಕಾಶ ಸಿಕ್ಕಿರುತ್ತದೆ. ಅವನು ಮದುವೆಯಾಗೋಣ ಎನ್ನುತ್ತಾನೆ. ಪ್ಯಾರಿಸ್ ಅಲ್ಲಿಗೆ ಮುಗಿಯಿತು. ಆಮೇಲೆ ಅವನ ಕಾನೂನು ಓದು ನಡೆಯಲಿ ಎಂದು ಅವಳು ಶಾಲೆಯೊಂದರಲ್ಲಿ ಟೀಚರ್ ಆಗುತ್ತಾಳೆ. ಹಾಸ್ಟೆಲಿನ ಹನ್ನೊಂದು ಕೋಣೆಯಲ್ಲಿ ಒಬ್ಬಳಾದರೂ ಪ್ಯಾರಿಸ್ಸಿನ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಅದಾದ ಮರುವರ್ಷ ನನಗೆ ಮೈಸೂರಿನಲ್ಲಿ ಇತಿಹಾಸ ಎಂ.ಎ.ಗೆ ಸೀಟು ಸಿಕ್ಕಿತ್ತು. ಸಂಬಂಧ ಬಂದಿತ್ತು, ಬಿ.ಎಡ್. ಆದರೆ ಬೇಗ ನೌಕರಿ ಎಂದರು, ನಾನೂ ಸರಿ ಎಂದೆ. ನನ್ನ ಸಂಸಾರ ಚೆನ್ನಾಗಿಯೇ ನಡೆದಿದೆ, ದೂರು ಹೇಳುತ್ತಿಲ್ಲ. ಒಂದು ಕಥೆಯಲ್ಲಿ ಯಾವುದಕ್ಕೆ ಅಳಬೇಕೆಂದು ತಿಳಿಯಲು ಮೂವತ್ತೈದು ವರ್ಷ ಬೇಕಾಯಿತು ಎಂದಷ್ಟೇ ಹೇಳುತ್ತಿದ್ದೇನೆ.

ಸೀಗಲ್, ಸ್ಪಾರ್ಕ್ಸ್ ಇಬ್ಬರೂ ಗಂಡಸರು. ಇಬ್ಬರ ಪುಸ್ತಕದಲ್ಲೂ ಹುಡುಗಿಗೆ ಕಾಯಿಲೆ ಬರುತ್ತದೆ, ಹುಡುಗ ಒಳ್ಳೆಯವನಾಗುತ್ತಾನೆ. ಹುಡುಗನೊಬ್ಬ ಪಾಠ ಕಲಿಯಲು ಹುಡುಗಿ ಹಾಸಿಗೆ ಹಿಡಿಯಬೇಕೆ ಎಂದು ಕೇಳಬೇಕೆನಿಸಿತು. ಡೇಲಿ, ಯೂನ್ ಹೆಂಗಸರು. ಅವರ ಹುಡುಗಿಯರೂ ಅಗಲುತ್ತಾರೆ, ಅಳುತ್ತಾರೆ, ಆದರೆ ಬದುಕುತ್ತಾರೆ. ಒಬ್ಬಳು ರೈಲು ಹತ್ತುತ್ತಾಳೆ, ಒಬ್ಬಳು ವಿಮಾನ. ನಾಲ್ಕು ಪುಸ್ತಕದಿಂದ ಸಿದ್ಧಾಂತ ಕಟ್ಟುವುದು ಪಂಡಿತರಿಗೆ ಹಿಡಿಸದಿರಬಹುದು. ಸ್ಪಾರ್ಕ್ಸ್ ಪರವಾಗಿ ಒಂದು ಮಾತನ್ನೂ ಹೇಳಬೇಕು. ಆ ಕಥೆಗೆ ಪ್ರೇರಣೆ ಅವರ ಸ್ವಂತ ತಂಗಿ, ಕ್ಯಾನ್ಸರಿನಿಂದ ನರಳುತ್ತಿದ್ದವರು. ಪುಸ್ತಕ ಹೊರಬಂದಾಗ ತಂಗಿ ಬದುಕಿದ್ದರು, ಮರುವರ್ಷ ತೀರಿಕೊಂಡರು. ಅದಕ್ಕೇ ಇರಬೇಕು, 2002ರಲ್ಲಿ ಬಂದ ಸಿನಿಮಾದಲ್ಲಿ ಜೇಮೀ ಸಾಯುತ್ತಾಳೆ, ಪುಸ್ತಕದಲ್ಲಿ ಅವಳು ಸತ್ತಳೆಂಬ ಮಾತಿಲ್ಲ. ಮದುವೆ ಮುಗಿದು ನಲವತ್ತು ವರ್ಷ ಕಳೆದಿದೆ, ಅವನ ಬೆರಳಿನಲ್ಲಿ ಉಂಗುರವಿದೆ, ಪವಾಡಗಳು ನಡೆಯಬಹುದೆಂದು ಅವನು ನಂಬುತ್ತಾನೆ. ಅಷ್ಟೆ. ಸಾಯುತ್ತಿರುವ ತಂಗಿಯ ಕೈಗೆ ಕೊಡುವ ಪುಸ್ತಕದಲ್ಲಿ ಯಾವ ಅಣ್ಣ ತಾನೆ ಕೊನೆಯ ಸಾಲು ಬರೆದಾನು?

ಮಳೆಗಾಲದ ಒಂದು ಭಾನುವಾರ ಪುಸ್ತಕ ಹಿಡಿದು ಅವಳ ಮನೆಗೆ ಹೋದೆ. ಅಂಗಡಿಯ ಹಿಂದೆಯೇ ಮನೆ. ಕಾಫಿ ಕೊಟ್ಟಳು, ಚಕ್ಕುಲಿ ಕೊಟ್ಟಳು. ಮಗಳು ಹಜಾರದ ಮೂಲೆಯಲ್ಲಿ ಓದಲು ಕೂತಿದ್ದಳು, ಕಿವಿ ಮಾತ್ರ ನಮ್ಮ ಕಡೆ. ಕೊನೆಯಲ್ಲಿ ಏನಾಯಿತೆಂದು ಹೇಳಿದೆ. ಮದುವೆಯಾಯಿತು, ಅವಳು ಉಳಿದಳೋ ಇಲ್ಲವೋ ಬರೆದಿಲ್ಲ ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಉಳಿದಿರ್ತಾಳೆ ಬಿಡಿ ಮೇಡಂ" ಎಂದಳು.

ನಾನು ಬಂದದ್ದು ಇಷ್ಟಕ್ಕೇ ಅಲ್ಲವಲ್ಲ. ಸಂತೆಯ ದಿನದ ಮಾತನ್ನು ಬಾಯಿಬಿಟ್ಟು ಹೇಳಿದೆ. ನಿನ್ನ ತಾಯಿಗೆ ಹೀಗೆಂದಿದ್ದೆ, ಅದರಿಂದಲೇ ನಿನ್ನ ಓದು ನಿಂತಿತೇನೋ ಎಂಬ ಅಳುಕು ಇಷ್ಟು ವರ್ಷ ಕಾಡಿದೆ ಎಂದೆ. ಅವಳು ಖಾಲಿ ಲೋಟ ಎತ್ತಿಕೊಂಡಳು. "ಹಂಗೇನಿಲ್ಲ ಮೇಡಂ. ಅಪ್ಪ ಮೊದಲೇ ನಿಶ್ಚಯ ಮಾಡಿದ್ರು. ನೀವು ಹೇಳದಿದ್ರೂ ಅಷ್ಟೇ" ಎಂದಳು. ನಿಜವಿರಬಹುದು. ಮನೆಗೆ ಬಂದ ಟೀಚರಿಗೆ ನೋವಾಗಬಾರದೆಂದು ಹೇಳಿದ್ದೂ ಇರಬಹುದು. ಲೋಟ ಒಳಗಿಟ್ಟು ಬರಲು ಅವಳು ಹೆಚ್ಚು ಹೊತ್ತು ತೆಗೆದುಕೊಂಡಳು. ಕ್ಷಮೆ ಕೇಳುವುದು ಸುಲಭ, ಸಿಕ್ಕಿತೋ ಇಲ್ಲವೋ ತಿಳಿಯುವುದು ಕಷ್ಟ.

ಹೊರಗೆ ಬಂದವಳು ಪುಸ್ತಕ ತೆಗೆದುಕೊಂಡಳು. ನನ್ನ ಕೆಂಪು ಶಾಯಿಯ ಬರಹವನ್ನು ನೋಡಿ, "ಅಯ್ಯೋ, 10ನೇ ಬಿ!" ಎಂದು ನಕ್ಕಳು. ನಡುವೆ ಒಂದು ಪುಟದ ಮೂಲೆ ಮಡಿಸಿತ್ತು. ಓದುವಾಗ ನಾನೂ ಅದನ್ನು ಕಂಡಿದ್ದೆ, ನೆಟ್ಟಗೆ ಮಾಡಲು ಮನಸ್ಸಾಗಿರಲಿಲ್ಲ. ಅವಳು ಅಲ್ಲಿ ಬೆರಳಿಟ್ಟು ಎರಡು ಸಾಲು ಓದಲು ನೋಡಿದಳು. ತುಟಿ ಅಲ್ಲಾಡಿತು, ನಿಂತಿತು. "ಇಂಗ್ಲಿಷು ಮರೆತೇ ಹೋಗಿದೆ ಮೇಡಂ. ಬಳಸೋದೇ ಇಲ್ಲವಲ್ಲ" ಎಂದಳು. ಅವಳು ನಮ್ಮ ಶಾಲೆಯಲ್ಲಿ ಇಂಗ್ಲಿಷಿನಲ್ಲಿ ತೊಂಬತ್ತರ ಮೇಲೆ ತೆಗೆದವಳು.

ಮೂಲೆಯಲ್ಲಿ ಕೂತಿದ್ದ ಮಗಳು ಎದ್ದು ಬಂದಳು. "ನಾನು ಓದಿ ಹೇಳ್ತೀನಿ ಅಮ್ಮ" ಎಂದು ಪುಸ್ತಕ ಕೈಗೆ ತೆಗೆದುಕೊಂಡವಳು ತಟ್ಟನೆ ನನ್ನ ಕಡೆ ನೋಡಿದಳು. ಸೋಮವಾರ ಕಿರುಪರೀಕ್ಷೆ ಇತ್ತು. ಪ್ರಶ್ನೆಪತ್ರಿಕೆ ತೆಗೆದವಳು ನಾನೇ.

"ಓದು" ಎಂದೆ.

ಅವಳು ಮಡಿಸಿದ ಪುಟ ತೆರೆದಳು. "ಅಲ್ಲಿಂದ ಅಲ್ಲ ಕಣೇ, ಮೊದಲಿಂದ" ಎಂದಳು ತಾಯಿ.